ತೇವ ಕಳೆದು ಅರವತ್ತೊಂದು

ಕ್ಯಾನ್ಸಸ್ ರಾಜ್ಯವನ್ನು ಕತ್ತೆ ಗುರುತಿನ ಪಕ್ಷಕ್ಕೆ ಗೆಲ್ಲಿಸಿಕೊಟ್ಟವನು ನನ್ನ ಸೋದರಮಾವ ಆಲ್ಬಿನ್ ಲೈಕರ್. ಹನ್ನೊಂದು ದಿನದ ಮಟ್ಟಿಗೆ ಗೆಲ್ಲಿಸಿಕೊಟ್ಟ. ಆ ಹನ್ನೊಂದು ದಿನ ಟೀವಿಯಲ್ಲಿ ಕೋಟು ತೊಟ್ಟು ಕೂತು, ನಮ್ಮ ರಾಜ್ಯದ ನಕಾಶೆಗೆ ಆನೆ ಪಕ್ಷದ ಕೆಂಪು ಬಳಿಯುವುದೋ ಕತ್ತೆ ಪಕ್ಷದ ನೀಲಿ ಬಳಿಯುವುದೋ ಎಂದು ಕಿತ್ತಾಡಿದ ಮಹಾಪಂಡಿತರಲ್ಲಿ ಒಬ್ಬನಾದರೂ ಬಂದು ಆ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಮೂಗು ಹಾಕಿದ್ದರೆ ಈ ಕಥೆ ಹುಟ್ಟುತ್ತಲೇ ಇರಲಿಲ್ಲ. ಯಾರೂ ಹಾಕಲಿಲ್ಲ. ದೊಡ್ಡ ಕಾಲೇಜುಗಳಲ್ಲಿ ಮುಚ್ಚಳ ತೆಗೆಯುವುದನ್ನು ಕಲಿಸುವುದಿಲ್ಲ ಅಂತ ಕಾಣುತ್ತದೆ. ನಾನು ಹತ್ತನೇ ತರಗತಿಯಲ್ಲೇ ಸ್ಕೂಲಿಗೆ ಬೆನ್ನು ತೋರಿಸಿದವನು. ಆದ್ದರಿಂದ ತೆಗೆದೆ.

ನಮ್ಮೂರು ರೋಸೆಂತಾಲ್. ಎರಡು ಗೋಪುರದ ಒಂದು ಚರ್ಚು, ಡಾರ್ಲೀನಳ ಕೆಫೆ, ರೈಲು ಹಳಿಯ ಪಕ್ಕ ಸಹಕಾರ ಸಂಘದ ಕಣಜ. ಕಣಜ ಚರ್ಚಿಗಿಂತ ಎತ್ತರ. ಪಾದ್ರಿಗಳಿಗೆ ಅದೊಂದು ನೋವು ಇದ್ದೇ ಇದೆ. ಸುತ್ತಲಿನ ರೈತರೆಲ್ಲ ಗೋಧಿ, ಮೆಕ್ಕೆಜೋಳ ತುಂಬಿದ ಲಾರಿ ತಂದು ಇಲ್ಲೇ ಸುರಿಯಬೇಕು. ಸುರಿಯುವ ಮೊದಲು ಮಾವನ ವೇಬ್ರಿಡ್ಜ್ ಮೇಲೆ ನಿಲ್ಲಬೇಕು. ಮಾವ ತುಂಬಿದ ಲಾರಿಯನ್ನು ತೂಗುತ್ತಾನೆ. ಉದ್ದನೆಯ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು, ಎಷ್ಟು ತೇವ ಇದೆ ಅಂತ ಯಂತ್ರದಲ್ಲಿ ನೋಡುತ್ತಾನೆ. ಸುರಿದು ಬಂದ ಮೇಲೆ ಖಾಲಿ ಲಾರಿ ತೂಗಿ ಕಳೆಯುತ್ತಾನೆ. ನೂರಕ್ಕೆ ಹದಿನೈದರ ಮೇಲೆ ತೇವ ಇದ್ದರೆ ತೂಕದಲ್ಲಿ ಕಡಿತ. ನೀರಿಗೆ ಜೋಳದ ಲೆಕ್ಕ ಸಿಗುವುದಿಲ್ಲ. ಮೂವತ್ತೊಂದು ವರ್ಷದಿಂದ ಮಾವ ಕಡಿತ ಹಾಕುತ್ತಿದ್ದಾನೆ, ಸ್ವಂತ ಅಣ್ಣನಿಗೂ, ಪಾದ್ರಿಗಳ ತಮ್ಮನಿಗೂ. ಅವನ ಮೇಲೆ ಕೂಗಾಡದ ರೈತ ಈ ತಾಲೂಕಿನಲ್ಲಿಲ್ಲ. ಅವನ ತೂಕ ಸುಳ್ಳು ಅಂದ ರೈತನೂ ಇಲ್ಲ.

ಬೆಳಿಗ್ಗೆ ಆರಕ್ಕೆ ಗಂಡಸರೆಲ್ಲ ಡಾರ್ಲೀನಳ ಕೆಫೆಯ ಉದ್ದನೆಯ ಮೇಜಿಗೆ ಸೇರುತ್ತಾರೆ. ಗೋಡೆ ತುಂಬ ಮೊಳೆ, ಒಂದೊಂದು ಮೊಳೆಗೂ ಒಂದೊಂದು ಕಾಫಿ ಮಗ್, ಮಗ್ಗಿನ ಮೇಲೆ ಹೆಸರು. ಮಗ್ ಇದ್ದವನೇ ಊರಿನವನು. ಸತ್ತಾಗ ಮಾತ್ರ ಮಗ್ ಇಳಿಸಿ ಹೆಂಡತಿಗೆ ಕೊಡುತ್ತಾರೆ. ನನ್ನ ಮಗ್ ಬಾಗಿಲ ಹತ್ತಿರ, ಎಲ್ಲರಿಗಿಂತ ಕೆಳಗೆ. ಮಾವನದು ಗಡಿಯಾರದ ಪಕ್ಕ.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಆ ಮೇಜಿನಲ್ಲಿ ಮಾತು ಚುನಾವಣೆಯತ್ತ ಹೊರಳಿತು. ಕತ್ತೆ ಪಕ್ಷದಿಂದ ಅಧ್ಯಕ್ಷ ಪದವಿಗೆ ನಿಂತಿದ್ದವಳು ಅಡೆಲ್ ಪ್ರೆಂಟಿಸ್. ನಾವೆಲ್ಲ ಪ್ರೆಂಟಿಸಮ್ಮ ಅನ್ನುತ್ತಿದ್ದೆವು. ಆನೆ ಪಕ್ಷದಿಂದ ಬಾಯ್ಡ್. ರೇಡಿಯೋದಲ್ಲಿ ಯಾರೋ ಪಂಡಿತ, ಪ್ರೆಂಟಿಸಮ್ಮ ಕ್ಯಾನ್ಸಸ್ಸನ್ನೂ ಗೆಲ್ಲಬಹುದೇ ಎಂದು ಕೇಳಿದ. ಮೇಜಿಗೆ ಮೇಜೇ ನಕ್ಕಿತು.

"ಗೆಲ್ತಾಳೆ, ಗೆಲ್ತಾಳೆ! ಆವತ್ತು ನನ್ನ ಹೋರಿ ಹಾಲು ಕೊಡುತ್ತೆ," ಎಂದ ನಾರ್ಬರ್ಟ್ ವಾಸಿಂಗರ್. ಇವನು ಸಹಕಾರ ಸಂಘದ ಅಧ್ಯಕ್ಷ, ತಾಲೂಕಿನ ಆನೆ ಪಕ್ಷದ ಅಧ್ಯಕ್ಷ, ಚರ್ಚಿನ ಬಿಂಗೋ ಸಮಿತಿಯ ಅಧ್ಯಕ್ಷ. ಅಧ್ಯಕ್ಷನಾಗದೆ ಅವನಿಗೆ ನಿದ್ದೆ ಬರುವುದಿಲ್ಲ.

ಮಾವ ಹುಟ್ಟಿದಾಗಿನಿಂದ ಆನೆಗೇ ಒತ್ತಿದವನು. ಎಲ್ಲರ ಜೊತೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ತೂಕದ ವಿಷಯದಲ್ಲಿ ಅವನಿಗೊಂದು ಬಿಗುಮಾನ. ಮಗ್ ಕೆಳಗಿಟ್ಟು, "ತೂಗದೇ ಹಾಗೆಲ್ಲ ಹೇಳಬಾರದು," ಅಂದುಬಿಟ್ಟ.

"ಏನಂದೆ?"

"ಯಾವ ಲಾರೀಲಿ ಎಷ್ಟಿದೆ ಅಂತ ದೂರದಿಂದ ನೋಡಿ ನಾನು ಹೇಳಲ್ಲ. ನೀನೂ ಹೇಳಬೇಡ."

"ಅಂದ್ರೆ ಆ ಹೆಂಗಸು ಕ್ಯಾನ್ಸಸ್ ಗೆಲ್ಲಬಹುದು ಅಂತೀಯಾ?"

"ತೂಗಿಲ್ಲ ಅಂತೀನಿ."

"ಹಾಗಾದ್ರೆ ತೂಗೋ ಮಹರಾಯ!" ನಾರ್ಬರ್ಟ್ ಮೇಜು ಗುದ್ದಿದ. "ಶನಿವಾರ ಸಂಘದ ವಾರ್ಷಿಕ ಊಟ. ಊರಿಗೆ ಊರೇ ಬರುತ್ತೆ. ಎರಡು ಡಬ್ಬಿ ಇಡೋಣ. ಹದಿನೆಂಟು ತುಂಬಿದವರಿಗೆ ತಲಾ ಒಂದು ಜೋಳದ ಕಾಳು. ಯಾರಿಗೆ ಬೇಕೋ ಅವರ ಡಬ್ಬಿಗೆ ಹಾಕಲಿ. ನೀನೇ ತೂಗು. ಆದ್ರೆ ತೂಕ ತಪ್ಪಿತೋ..."

"ತಪ್ಪಿದ್ರೆ ನನ್ನ ಮಗ್ ಮೊಳೆಯಿಂದ ಇಳಿಸು."

ಕಾಫಿ ಬಗ್ಗಿಸುತ್ತಿದ್ದ ಡಾರ್ಲೀನ್ ಕೈ ನಿಲ್ಲಿಸಿದಳು. "ಆಲ್ಬಿನ್, ಮಗ್ ಮೇಲೆ ಆಣೆ ಇಡಬೇಡ. ಅಪಶಕುನ," ಎಂದಳು. ಇಟ್ಟಾಗಿತ್ತು.

ಶನಿವಾರ ಸಂಘದ ಗೋದಾಮಿನಲ್ಲಿ ಊಟ. ಹಂದಿ ಮಾಂಸ, ಕೋಸು ಮಾಂಸ ತುಂಬಿದ ಬೀರಾಕ್ ಬನ್ನು, ಹುರುಳಿಕಾಯಿ ಸಾರು. ಕಾಫಿ ಪುಡಿಯ ಎರಡು ತಗಡಿನ ಡಬ್ಬಿಗಳಿಗೆ ಮುಚ್ಚಳದಲ್ಲಿ ಸೀಳು ಕೊಯ್ದು, ಹೆಸರು ಬರೆದು ತಂದವಳು ವರ್ಡಾ ಟೀಚರ್. ವಯಸ್ಸು ಎಂಬತ್ತನಾಲ್ಕು. ನಮ್ಮೆಲ್ಲರಿಗೂ ಅಕ್ಷರ ತಿದ್ದಿಸಿದವಳು. ನನ್ನ ವಿಷಯದಲ್ಲಿ ಸೋತೆ ಅಂತ ಈಗಲೂ ಕೊರಗುತ್ತಾಳೆ. ತಾಲೂಕಿನ ಕತ್ತೆ ಪಕ್ಷಕ್ಕೆ ಅವಳೇ ಅಧ್ಯಕ್ಷೆ, ಅವಳೇ ಕಾರ್ಯದರ್ಶಿ, ಅವಳೇ ಸಭೆ. ತಿಂಗಳ ಮೊದಲ ಮಂಗಳವಾರ ತನ್ನ ಅಡುಗೆಮನೆಯಲ್ಲಿ ಸಭೆ ಕರೆದು, ಒಬ್ಬಳೇ ಕೂತು, ಹಾಜರಿ ಬರೆದು, ಹಿಂದಿನ ಸಭೆಯ ನಡಾವಳಿಯನ್ನು ಸರ್ವಾನುಮತದಿಂದ ಒಪ್ಪಿಕೊಳ್ಳುತ್ತಿದ್ದಳು.

ಡಬ್ಬಿಗಳನ್ನು ಇಟ್ಟಿದ್ದು ಟೀ ಮೇಜಿನ ಮೇಲೆ, ಎಲ್ಲರೂ ಹಾದುಹೋಗುವ ಜಾಗ ಅಂತ. ಸಕ್ಕರೆ ಹಾಕಿದ ತಣ್ಣನೆ ಟೀಯ ದೊಡ್ಡ ಪಾತ್ರೆಯ ಹಿಂದೆ ನನ್ನ ಒಲೀಟಾ ಅತ್ತೆ, ಮಾವನ ಹೆಂಡತಿ, ಮೂರು ಗಂಟೆ ಕಾಲ ಕದಲದೆ ನಿಂತು ಟೀ ಹಿಡಿದು ಕೊಟ್ಟಳು. ಜನ ಬಂದರು, ಟೀ ತಗೊಂಡರು, ಕಾಳು ಹಾಕಿದರು. ಮುನ್ನೂರ ಮೂವತ್ತು ಜನ. ಮಾವ ಮಾತ್ರ ಹಾಕಲಿಲ್ಲ. "ತೂಗೋನು ಹಾಕಬಾರದು," ಅಂದ.

ಊಟ ಮುಗಿಯಿತು. ಬಿಂಗೋ ಆಟಕ್ಕೆ ಹೆಂಗಸರು ಕುರ್ಚಿ ಎಳೆದುಕೊಳ್ಳುತ್ತಿದ್ದರು. "ಬೇಗ ಮುಗಿಸೋ!" ಎಂದು ನಾರ್ಬರ್ಟ್ ಕೂಗಿದ. "ಕಾಳು ಎಣಿಸಿಬಿಡು."

ಮಾವನಿಗೆ ಅವಮಾನವಾಯಿತು. "ಎಣಿಸೋದು ಶಿಶುವಿಹಾರದ ಮಕ್ಕಳ ಕೆಲಸ. ನಾನು ತೂಕದವನು."

"ಮುಚ್ಚಳನಾದ್ರೂ ತೆಗಿ."

"ನಿನ್ನ ಲಾರಿ ತೂಗುವಾಗ ಬಿಚ್ಚಿ ತೂಗ್ತೀನಾ? ತುಂಬಿದ್ದು ತೂಗು, ಖಾಲಿದು ಕಳಿ. ಅಷ್ಟೇ ಲೆಕ್ಕ."

ಅದೇ ಕಂಪನಿಯ ಖಾಲಿ ಡಬ್ಬಿಯೊಂದನ್ನು ಸಣ್ಣ ತಕ್ಕಡಿಯಲ್ಲಿ ತೂಗಿ ಬರೆದುಕೊಂಡ. ಆಮೇಲೆ ಬಾಯ್ಡ್ ಡಬ್ಬಿ. ಖಾಲಿ ತೂಕ ಕಳೆದು ಎಂಬತ್ತೊಂದು ಗ್ರಾಂ. ಜನ ಹೋ ಅಂದರು. ಪ್ರೆಂಟಿಸಮ್ಮನ ಡಬ್ಬಿ ಇಟ್ಟ. ಕನ್ನಡಕ ಒರೆಸಿಕೊಂಡ. ತಕ್ಕಡಿಯ ಮುಳ್ಳನ್ನು ಬೆರಳಿನಿಂದ ತಟ್ಟಿದ. ಮತ್ತೆ ತೂಗಿದ.

"ತೊಂಬತ್ತಮೂರು."

ಕುರ್ಚಿ ಎಳೆಯುತ್ತಿದ್ದ ಹೆಂಗಸರು ಬಿಂಗೋ ಬಿಟ್ಟು ತಕ್ಕಡಿಯ ಸುತ್ತ ಸೇರಿದರು.

"ನೂರಕ್ಕೆ ಐವತ್ತಮೂರು ಪ್ರೆಂಟಿಸ್, ನಲವತ್ತೇಳು ಬಾಯ್ಡ್," ಎಂದ ಮಾವ. ಅವನ ದನಿಯೇ ಅವನಿಗೆ ನಂಬಿಕೆ ಬರದ ಹಾಗಿತ್ತು. ಆದರೆ ತಕ್ಕಡಿ ಹೇಳಿದ ಮೇಲೆ ಆಲ್ಬಿನ್ ಲೈಕರ್ ಬೇರೆ ಹೇಳುವುದುಂಟೇ?

ವರ್ಡಾ ಟೀಚರ್ ಹತ್ತಿರವಿದ್ದ ಕುರ್ಚಿಯಲ್ಲಿ ಕುಸಿದು ಕೂತಳು. ನಾರ್ಬರ್ಟನ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. "ನಮ್ಮೂರಲ್ಲಿ? ಇಲ್ಲಿ? ಯಾರು, ಯಾರು ಹಾಕಿದ್ದು? ಕೈ ಎತ್ತಿ!" ಯಾರೂ ಎತ್ತಲಿಲ್ಲ. ಅವನು ಎರಡೂ ಡಬ್ಬಿಗೆ ಸುತ್ತಲೂ ಪ್ಲಾಸ್ಟರ್ ಪಟ್ಟಿ ಸುತ್ತಿ, ಪಟ್ಟಿಯ ಮೇಲೆ ಸಹಿ ಹಾಕಿ, ಮಾವನ ಆಫೀಸಿನ ಬೀರುವಿನಲ್ಲಿಟ್ಟು ಬೀಗ ಜಡಿದ. "ಸಾಕ್ಷಿ! ಯಾರೂ ಮುಟ್ಟಬಾರದು. ವಿಚಾರಣೆ ಆಗಬೇಕು!" ದಯವಿಟ್ಟು ನೆನಪಿಡಿ: ಸತ್ಯವನ್ನು ಆ ಡಬ್ಬಿಯೊಳಗೆ ಹಾಕಿ ಮೊಹರು ಮಾಡಿದವನು ಆನೆ ಪಕ್ಷದ ಅಧ್ಯಕ್ಷನೇ.

ಮನೆಯಲ್ಲಿ ಅತ್ತೆ ತಪ್ಪಲೆ ಕುಕ್ಕಿದಳು. "ನಾಳೆ ಚರ್ಚಲ್ಲಿ ನಾನು ಮುಖ ಹೇಗೆ ತೋರಿಸಲಿ ಆಲ್ಬಿನ್? ನಿನಗೆ ತೂಗೋ ಚಪಲ! ಆ ಟೀ ಪಾತ್ರೆ ನಲ್ಲಿ ತೊಟ್ಟಿಕ್ಕುತ್ತೆ, ವಾಷರ್ ಹಾಕು ಅಂತ ಎರಡು ವರ್ಷದಿಂದ ಬಡ್ಕೋತಿದೀನಿ. ಅದಕ್ಕೆ ಪುರುಸೊತ್ತಿಲ್ಲ, ದೇಶ ತೂಗಕ್ಕೆ ಪುರುಸೊತ್ತಿದೆ!"

ಮಾವ ತಲೆ ಬಗ್ಗಿಸಿ ಸಾರು ಕುಡಿದ.

ಭಾನುವಾರದಿಂದ ಊರು ಊರಾಗಿ ಉಳಿಯಲಿಲ್ಲ. ಚರ್ಚಿನಲ್ಲಿ ಎಲ್ಲರೂ ಎಲ್ಲರ ಕಡೆಗೂ ಓರೆಗಣ್ಣು. ಇಬ್ಬರಲ್ಲಿ ಒಬ್ಬ ಕತ್ತೆ ಪಕ್ಷದವನು ಅಂದರೆ, ಪಕ್ಕದಲ್ಲಿ ಮಂಡಿಯೂರಿದವನೇ ಅವನು. ನಾರ್ಬರ್ಟ್ ಪಟ್ಟಿ ಹಿಡಿದು ಮನೆ ಮನೆ ತಿರುಗಿದ. ಎಲ್ಲರೂ ಆನೆಯ ಮೇಲೆ ಆಣೆ ಮಾಡಿದರು. ಕೊನೆಗೆ ಮನೆಗೆ ಬಂದು ಸ್ವಂತ ಹೆಂಡತಿಯನ್ನು ಕೇಳಿದ. ಆಕೆ, "ಮತ ಗುಟ್ಟು ಕಣ್ರೀ ಅಧ್ಯಕ್ಷರೇ," ಎಂದು ಬಾಗಿಲು ಹಾಕಿಕೊಂಡಳಂತೆ. ಅಂದು ಅವನು ಕೊಟ್ಟಿಗೆಯಲ್ಲಿ ಮಲಗಿದ.

ಸೋಮವಾರ ವಾರಪತ್ರಿಕೆಯಲ್ಲಿ ಎರಡು ಸಾಲು ಬಂತು. ಬುಧವಾರ ವಿಚಿಟಾ ನಗರದಿಂದ ಟೀವಿ ವ್ಯಾನು ಬಂತು. ಶುಕ್ರವಾರದ ಹೊತ್ತಿಗೆ ದೇಶದ ಸಕಲ ಪಂಡಿತರೂ ರೋಸೆಂತಾಲಿನ ಹೆಸರನ್ನು ನಾಲ್ಕು ಥರ ಉಚ್ಚರಿಸುತ್ತಿದ್ದರು. ಒಬ್ಬ ಹಳ್ಳಿಯ ಹೆಂಗಸರು ಒಳಗೊಳಗೇ ತಿರುಗಿಬಿದ್ದಿದ್ದಾರೆ ಎಂದ. ಇನ್ನೊಬ್ಬ ಯುವ ರೈತರ ಮೌನ ಕ್ರಾಂತಿ ಎಂದ. ಮೂರನೆಯವಳು ನಕಾಶೆಯ ಮೇಲೆ ನಮ್ಮ ಕಣಜದಿಂದ ವೈಟ್ ಹೌಸಿನವರೆಗೆ ಬಾಣ ಎಳೆದು "ಜೋಳದ ಅಲೆ" ಎಂದಳು. ಅಲೆ! ಅವಳು ಹೇಳಿದ್ದರಲ್ಲಿ ಅದೊಂದು ನಿಜವಾಗಿತ್ತು, ಅದೂ ಅವಳಿಗೆ ಗೊತ್ತಿರಲಿಲ್ಲ. ವಾರಕ್ಕೆ ಆರು ದಿನ ಮಾವನ ಕೈಕೆಳಗೆ ಕಣಜದಲ್ಲಿ ಧೂಳು ತಿಂದು ಲಾರಿ ಸುರಿಯುವ ನನ್ನನ್ನು ಮೌನ ಕ್ರಾಂತಿ ಅಂದವನು ಒಮ್ಮೆ ಎದುರಿಗೆ ಸಿಗಬೇಕಿತ್ತು. ಮೌನ ಎಷ್ಟಿದೆ ಅಂತ ತೋರಿಸುತ್ತಿದ್ದೆ.

ಅದಕ್ಕಿಂತ ಹೊಟ್ಟೆ ಉರಿಸಿದ್ದು ನಮ್ಮವರು. ಬಾಯ್ಡ್‌ಗೆ ಹಾಕಿದೆ ಅಂದವನ ಮುಂದಿನಿಂದ ಟೀವಿಯವರು ಮೈಕು ಎಳೆದುಕೊಳ್ಳುತ್ತಿದ್ದರು; ಪಕ್ಷ ಬದಲಿಸಿದೆ ಅಂದವನಿಗೆ ಮುಖಕ್ಕೆ ಪೌಡರು ಬಳಿದು ಕೂರಿಸುತ್ತಿದ್ದರು. ಇದು ಊರಿಗೆ ಒಂದೇ ದಿನದಲ್ಲಿ ಅರ್ಥವಾಯಿತು. ಲಾರಿಯ ಮುಂದೆ ಆನೆ ಬಾವುಟ ಕಟ್ಟಿಕೊಂಡು ತಿರುಗುವ ಲಿಯೋ ಬೆಫೋರ್ಟ್, ಬಾವುಟ ಕಿತ್ತು ಸೀಟಿನಡಿ ತುರುಕಿ, ಕ್ಯಾಮೆರಾ ಮುಂದೆ ಕಣ್ಣೊರೆಸಿಕೊಂಡು, "ನನ್ನ ಅಂತರಾತ್ಮ ಒಪ್ಪಲಿಲ್ಲ ಸಾರ್," ಅಂದ.

"ಲಿಯೋ, ಅದೇನೋ ನಿನಗೆ ಅಂತರಾತ್ಮ?" ಎಂದು ಡಾರ್ಲೀನ್ ಕೆಫೆಯಲ್ಲಿ ಕೇಳಿದಳು.

"ನಮ್ಮತ್ತೆ ಕೊಲೊರಾಡೋದಲ್ಲಿ ಟೀವಿ ನೋಡ್ತಾಳಮ್ಮ. ಮೂವತ್ತು ವರ್ಷದಲ್ಲಿ ಮೊದಲನೇ ಸಲ ಫೋನ್ ಮಾಡಿ ಅಳಿಯಂದಿರೇ ಅಂದಳು."

ಊರು ಬೀಗಿತು. ಬೇಲಿಗಳಿಗೆ ಬಣ್ಣ ಬಂತು. ಡಾರ್ಲೀನಳ ಬೀರಾಕ್ ಹತ್ತು ಗಂಟೆಗೇ ಖಾಲಿ. ಮಾವನಂತೂ ದೊಡ್ಡ ಮನುಷ್ಯನಾದ. ಕ್ಯಾಮೆರಾದವರು ತಕ್ಕಡಿ ತಪ್ಪಿರಬಹುದೇ ಅಂತ ಕೇಳಿದರೆ, "ಮೂವತ್ತೊಂದು ವರ್ಷ ಸ್ವಾಮಿ. ಒಂದು ಕಾಳು ತಪ್ಪಿಲ್ಲ," ಎಂದು ಎದೆ ಉಬ್ಬಿಸುತ್ತಿದ್ದ. ಹಾಗೆ ಅಂದಾಗಲೆಲ್ಲ ಪಕ್ಕದಲ್ಲಿ ನಿಂತಿದ್ದ ನನ್ನ ಎದೆಯೂ ತಾನಾಗಿ ಉಬ್ಬುತ್ತಿತ್ತು. ಸುಳ್ಳು ಯಾಕೆ ಹೇಳಲಿ?

ಎಂಟನೆಯ ದಿನ ವರ್ಡಾ ಟೀಚರ್ ಒಂದು ಕಾಗದ ಹಿಡಿದು ವೇಬ್ರಿಡ್ಜಿಗೆ ನಡೆದೇ ಬಂದಳು. "ಆಲ್ಬಿನ್, ಬರ್ತಾಳಂತೆ ಕಣೋ. ಬುಧವಾರ. ಡೆನ್ವರಿಗೆ ಹೋಗೋ ವಿಮಾನ ಇಳಿಸಿ ನಲವತ್ತು ನಿಮಿಷ ನಮ್ಮೂರಿಗೆ. ಅರವತ್ತು ವರ್ಷದಿಂದ ಪ್ರತಿ ಚುನಾವಣೆಗೂ ಪತ್ರ ಬರೀತಿದೀನಿ, ನಮ್ಮೂರಿಗೆ ಬನ್ನಿ ಅಂತ. ಇದೇ ಮೊದಲನೇ ಉತ್ತರ. ವೇದಿಕೆ ಮೇಲೆ ಆ ಡಬ್ಬೀನ ನೀನೇ ಅವಳ ಕೈಗೆ ಕೊಡಬೇಕಂತೆ."

ಮರುದಿನ, ಸೋಮವಾರ, ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆದರೆ ಹುಳಿ ವಾಸನೆ. ಹಳಸಿದ ಬಿಯರಿನ ಹಾಗೆ. ಇಲಿ ಸತ್ತಿರಬೇಕೆಂದು ಮೂಲೆ ಮೂಲೆ ಹುಡುಕಿದೆವು. ವಾಸನೆ ಬೀರುವಿನಿಂದ ಬರುತ್ತಿತ್ತು. ಬೀಗಕ್ಕೆ ನಾರ್ಬರ್ಟನ ಕೈಯಲ್ಲಿ ಒಂದು ಕೀಲಿ, ಮಾವನ ಹತ್ತಿರ ಒಂದು. ತೆಗೆದೆವು. ಪ್ರೆಂಟಿಸಮ್ಮನ ಡಬ್ಬಿಯ ಸೀಳಿನಿಂದ ಏನೋ ಬೆಳ್ಳಗೆ ಇಣುಕುತ್ತಿತ್ತು.

"ಕರ್ಟ್, ಮುಟ್ಟಬೇಡವೋ. ಸಹಿ ಇದೆ," ಎಂದ ಮಾವ.

"ಸಹಿಗೆ ಬೆಂಕಿ ಬಿತ್ತು," ಎಂದು ನಾನು ಪಟ್ಟಿ ಕಿತ್ತು ಮುಚ್ಚಳ ತೆಗೆದೆ.

ಪ್ರೆಂಟಿಸಮ್ಮನ ಮತಗಳು ಮೊಳಕೆ ಒಡೆದಿದ್ದವು. ಅರ್ಧ ಊದಿಕೊಂಡು ಬೆರಳುದ್ದ ಬಿಳಿ ಬೇರು ಬಿಟ್ಟಿದ್ದವು, ಅರ್ಧ ಕೊಳೆತು ನೊರೆ ಕಟ್ಟಿದ್ದವು, ಕೆಳಗೆ ಕಂದು ಬಣ್ಣದ ನೀರು. ಬೆರಳದ್ದಿ ನಾಲಿಗೆಗೆ ಇಟ್ಟೆ. ಹುಳಿ ಹಿಡಿದಿತ್ತು, ಆದರೂ ಗುರುತು ಸಿಕ್ಕಿತು. ನಮ್ಮತ್ತೆಯ ಟೀ. ಮೂರು ಗಂಟೆ ಕಾಲ ಆ ನಲ್ಲಿ, ಸರಿಯಾಗಿ ತನ್ನ ಕೆಳಗೇ ಇದ್ದ ಈ ಸೀಳಿನೊಳಗೆ ತೊಟ್ಟು ತೊಟ್ಟಾಗಿ ಮತ ಚಲಾಯಿಸಿತ್ತು.

ಮಾವ ಕುರ್ಚಿಯಲ್ಲಿ ಕೂತ. ತೇವ ಅಳೆಯುವ ಯಂತ್ರದ ಕಡೆ ನೋಡಿದ. ಅದು ಆ ದಿನವೂ ಅಲ್ಲೇ, ಗೋದಾಮಿನಿಂದ ನಾಲ್ಕೇ ಹೆಜ್ಜೆಯಲ್ಲಿ ಇತ್ತು.

"ತೇವ ನೋಡಲಿಲ್ಲ," ಎಂದ. "ಮೂವತ್ತೊಂದು ವರ್ಷ ಪ್ರತಿ ಲೋಡಿಗೂ ನೋಡಿದೆ. ಇದಕ್ಕೆ ನೋಡಲಿಲ್ಲ."

"ಮಾವ, ಈ ಡಬ್ಬಿ ಹಳ್ಳಕ್ಕೆ ಎಸೆದು ಬರ್ತೀನಿ. ಬೇರೆ ಡಬ್ಬೀಲಿ ಒಣ ಕಾಳು ತುಂಬಿ ಕೊಡು. ಯಾವನಿಗೆ ಗೊತ್ತಾಗುತ್ತೆ? ಆ ಪಂಡಿತರಿಗಾ?"

ಮಾವ ನನ್ನನ್ನು ನೋಡಿದ ನೋಟಕ್ಕೆ ನಾನು ಗೋಡೆ ಕಡೆ ತಿರುಗಿದೆ.

"ನಾರ್ಬರ್ಟನ ಮಗಳ ಮದುವೆ ವರ್ಷ ಅವನ ಜೋಳ ಇಪ್ಪತ್ತು ತೇವ ಬಂತು. ಈ ಒಂದು ಸಲ ಬಿಡೋ ಅಂದ. ಬಿಡಲಿಲ್ಲ. ನಿಮ್ಮಪ್ಪ ಆಸ್ಪತ್ರೇಲಿದ್ದಾಗ ನಿಮ್ಮಮ್ಮನೇ ಲಾರಿ ತಂದಳು, ನನ್ನ ಸ್ವಂತ ತಂಗಿ. ಹದಿನೇಳು ಇತ್ತು. ಬಿಡಲಿಲ್ಲ. ಈಗ ಯಾವ ಮುಖ ಇಟ್ಕೊಂಡು ಇದನ್ನ ಬಿಡಲಿ?"

ಮೊದಲು ವರ್ಡಾ ಟೀಚರ ಹತ್ತಿರ ಹೋದೆವು. ಅವಳು ಅಡುಗೆಮನೆಯಲ್ಲಿ ಸ್ವಾಗತ ಭಾಷಣ ಬರೆಯುತ್ತಿದ್ದಳು. ಮಾವ ಟೋಪಿ ಕೈಯಲ್ಲಿ ಹಿಡಿದು, ಹೋಂವರ್ಕ್ ಮಾಡದ ಹುಡುಗನ ಹಾಗೆ ಎಲ್ಲ ಹೇಳಿದ. ಟೀಚರ್ ಡಬ್ಬಿಯೊಳಗೆ ನೋಡಿದಳು. ಕನ್ನಡಕ ತೆಗೆದಿಟ್ಟಳು.

"ಈಗಲೇ ಫೋನ್ ಮಾಡಿ ಹೇಳಿಬಿಡ್ತೀನಿ ಟೀಚರ್. ಬರಬೇಡಿ ಅಂತ," ಎಂದ ಮಾವ.

"ಮುಚ್ಚೋ ಬಾಯಿ!" ಎಂದಳು ಟೀಚರ್. ಎರಡನೇ ತರಗತಿಯ ಅದೇ ದನಿ. "ಸತ್ಯ ಹೇಳಬೇಕು. ಹೇಳು. ನಾನೇ ಕಲಿಸಿದ್ದು. ಆದ್ರೆ ಅವಳು ವಿಮಾನ ಇಳಿದ ಮೇಲೆ ಹೇಳು. ಮೊದಲೇ ಹೇಳಬೇಕು ಅಂತ ನಾನು ಕಲಿಸಿಲ್ಲ."

ಬುಧವಾರ ಕಣಜದ ಕೆಳಗೆ ವೇದಿಕೆ. ನಾಲ್ಕು ತಾಲೂಕಿನ ಜನ, ಆರು ಟೀವಿ ವ್ಯಾನು. ಪ್ರೆಂಟಿಸಮ್ಮ ಬಂದಳು, ಟೀವಿಯಲ್ಲಿ ಕಾಣುವುದಕ್ಕಿಂತ ಕುಳ್ಳಿ, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ವರ್ಡಾ ಟೀಚರ್ ಸ್ವಾಗತ ಭಾಷಣ ಓದುತ್ತ ಎರಡು ಸಲ ನಿಂತಳು. ಅಕ್ಷರ ಕಾಣದೆ ಅಲ್ಲ. ಆಮೇಲೆ ಮಾವನ ಹೆಸರು ಕೂಗಿದರು.

ಮಾವ ಮದುವೆ ಕೋಟು ಹಾಕಿಕೊಂಡು ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದ. ನಾನು ಹಿಂದೆ ತೇವದ ಯಂತ್ರ ಹೊತ್ತುಕೊಂಡು. ಕಪ್ಪು ಕನ್ನಡಕದ ಕಾವಲಿನವನು ನಮ್ಮನ್ನು ತಡೆದು, ಮುಚ್ಚಳ ತೆಗೆಸಿ, ಬಗ್ಗಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು ಮೂಗು ಮುಚ್ಚಿಕೊಂಡ. ಹನ್ನೊಂದು ದಿನದಲ್ಲಿ ಆ ಡಬ್ಬಿಗೆ ಮೂಗು ಹಾಕಿದ ಮೊದಲ ಸರ್ಕಾರಿ ಮನುಷ್ಯ ಅವನು. ದೇವರು ಅವನಿಗೆ ಬಡ್ತಿ ಕೊಡಲಿ.

ಮಾವ ಮೈಕಿನ ಮುಂದೆ ನಿಂತ. ಡಬ್ಬಿಯಿಂದ ಒಂದು ಹಿಡಿ ಮೊಳಕೆ ತೆಗೆದು ಯಂತ್ರಕ್ಕೆ ಹಾಕಿದ. ಯಂತ್ರ ಗುರ್ ಅಂದು, ನನ್ನ ಅಳತೆ ಮೀರಿತು ಅಂತ ಕೆಂಪು ದೀಪ ಹಚ್ಚಿ ಕೈಚೆಲ್ಲಿತು.

"ಮೇಡಂ," ಎಂದ ಮಾವ, "ನಿಮ್ಮ ಲೋಡು ಹಸಿ ಇದೆ."

ಪ್ರೆಂಟಿಸಮ್ಮ ನಗುಮುಖವನ್ನು ಹಾಗೇ ಇಟ್ಟುಕೊಂಡು, "ಅಂದ್ರೆ?" ಎಂದಳು.

"ಟೀ ಬಿದ್ದಿದೆ. ನಾನು ಟೀ ಸಮೇತ ತೂಗಿಬಿಟ್ಟೆ. ತೇವ ನೋಡೋದು ನನ್ನ ಕೆಲಸ, ನೋಡಲಿಲ್ಲ. ತಪ್ಪು ತಕ್ಕಡೀದಲ್ಲ, ನಂದು. ಕಡಿತ ಹಾಕಬೇಕು ಮೇಡಂ. ಎಲ್ಲರಿಗೂ ಹಾಕ್ತೀನಿ."

ಆರು ಟೀವಿ ಕ್ಯಾಮೆರಾಗಳು ಮಾವನ ಮೂಗಿನ ತುದಿಗೆ ಬಂದು ನಿಂತವು. ಆಗ ಜನರ ನಡುವಿನಿಂದ ಲಿಯೋನ ದನಿ ಬಂತು, "ನನಗೆ ಹದಿನಾರಕ್ಕೇ ಹಾಕಿದ್ಯಲ್ಲೋ ಪಾಪಿ! ಅವಳಿಗೂ ಹಾಕು!"

"ನನ್ನ ಮಗಳ ಮದುವೆಗೇ ಹಾಕಿದಾನೆ!" ನಾರ್ಬರ್ಟ್ ಕೂಗಿದ. ಸಿಟ್ಟಿನಲ್ಲಲ್ಲ. ಅವನ ದನಿ ಒಡೆದಿತ್ತು. "ಅಧ್ಯಕ್ಷೆ ಆಗೋಳಿಗೂ ಕಡಿತ! ನೋಡ್ರೋ ಟೀವಿಯವರೇ, ಇವನು ನಮ್ಮೂರ ತೂಕದವನು!"

ಆಮೇಲೆ ಎದ್ದ ಚಪ್ಪಾಳೆ ಕಣಜದ ಗೋಡೆಗೆ ಬಡಿದು ತಿರುಗಿ ಬಂತು. ಮೂವತ್ತೊಂದು ವರ್ಷ ಮಾವನಿಗೆ ಶಾಪ ಹಾಕಿದ ರೈತರೆಲ್ಲ, ಕಡಿತದ ಚೀಟಿ ಅವನ ಮುಖಕ್ಕೆ ಎಸೆದವರೆಲ್ಲ ಟೋಪಿ ತೆಗೆದು ಬೀಸಿದರು. ನಾನು ಯಂತ್ರ ಹಿಡಿದುಕೊಂಡಿದ್ದೆ. ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಚಪ್ಪಾಳೆ ನಿಂತ ಮೇಲೆ ಪ್ರೆಂಟಿಸಮ್ಮ ಕೇಳಿದಳು, "ತೇವ ಕಳೆದು ಎಷ್ಟು?"

ಅಲ್ಲೇ ಮೇಜು ತರಿಸಿ, ಎರಡೂ ಡಬ್ಬಿ ಸುರಿದು, ವರ್ಡಾ ಟೀಚರೂ ನಾರ್ಬರ್ಟೂ ಎದುರು ಬದರು ಕೂತು ಶಿಶುವಿಹಾರದ ಮಕ್ಕಳ ಹಾಗೆ ಎಣಿಸಿದರು. ಕೊಳೆತದ್ದನ್ನೂ ಬಿಡಲಿಲ್ಲ, ಮೊಳೆತದ್ದನ್ನೂ ಬಿಡಲಿಲ್ಲ. ಬಾಯ್ಡ್ ಇನ್ನೂರ ಅರವತ್ತೊಂಬತ್ತು. ಪ್ರೆಂಟಿಸ್ ಅರವತ್ತೊಂದು.

"ಹೋದ ಸಲ ಈ ಮತಗಟ್ಟೇಲಿ ನಮ್ಮ ಪಕ್ಷಕ್ಕೆ ಎಷ್ಟು?" ಎಂದಳು ಪ್ರೆಂಟಿಸಮ್ಮ.

"ಇಪ್ಪತ್ತಮೂರು," ಎಂದಳು ಟೀಚರ್, ಪುಸ್ತಕ ನೋಡದೆ.

ಪ್ರೆಂಟಿಸಮ್ಮ ಮಾವನ ಕೈ ಹಿಡಿದು ಕುಲುಕಿದಳು. "ನನ್ನ ಸುತ್ತ ಇರೋರೆಲ್ಲ ದಿನಾ ಒದ್ದೆ ತೂಕವನ್ನೇ ಹೇಳ್ತಾರೆ. ನೀವು ನನ್ನ ಜೊತೆ ಬಂದುಬಿಡಿ."

"ಆಗಲ್ಲ ಮೇಡಂ. ಜೋಳದ ಕೊಯ್ಲು ಬಂತು. ಲಾರಿ ಸಾಲು ನಿಲ್ತವೆ."

ಅವಳು ಹೊರಟಳು. ನಲವತ್ತು ನಿಮಿಷ ಅಂದವಳು ಒಂದೂವರೆ ಗಂಟೆ ಇದ್ದಳು, ಅರ್ಧ ಗಂಟೆ ವರ್ಡಾ ಟೀಚರ ಅಡುಗೆಮನೆಯಲ್ಲಿ. ಆ ತಿಂಗಳ ನಡಾವಳಿಯಲ್ಲಿ, ಹಾಜರಿ: ಇಬ್ಬರು.

ಪಂಡಿತರು ಅಂದೇ ನಕಾಶೆಗೆ ಮತ್ತೆ ಕೆಂಪು ಬಳಿದು, ನಾವು ಮೊದಲೇ ಹೇಳಿದ್ದೆವು ಅಂದರು.

ಮರುದಿನ ಬೆಳಿಗ್ಗೆ ಆರಕ್ಕೆ ಮಾವ ಕೆಫೆಗೆ ಹೋಗಿ, ಗಡಿಯಾರದ ಪಕ್ಕದ ಮೊಳೆಯಿಂದ ತನ್ನ ಮಗ್ ತಾನೇ ಇಳಿಸಿಕೊಂಡ. "ಆಲ್ಬಿನ್, ಬೇಡ್ವೋ," ಎಂದಳು ಡಾರ್ಲೀನ್. ಮೇಜಿನವರೆಲ್ಲ ತಲೆ ಬಗ್ಗಿಸಿದರು. ಮಾತು ಮಾತೇ. ತೂಕ ತಪ್ಪಿತ್ತು. ಸೆಪ್ಟೆಂಬರ್, ಅಕ್ಟೋಬರ್ ಎರಡು ತಿಂಗಳು ಅವನು ವೇಬ್ರಿಡ್ಜಿನ ಕೋಣೆಯಲ್ಲಿ ಒಬ್ಬನೇ ಕಾಫಿ ಕುಡಿದ. ಪ್ರತಿ ಲೋಡಿಗೂ ಎರಡೆರಡು ಸಲ ತೇವ ನೋಡಿದ. ರೈತರು ಕಾದರು, ಒಬ್ಬನೂ ಹಾರನ್ ಹೊಡೆಯಲಿಲ್ಲ. ಕೆಫೆಯ ಆ ಖಾಲಿ ಮೊಳೆಯ ಎದುರಿನ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ.

ನವೆಂಬರಿನಲ್ಲಿ ಮತದಾನವಾಯಿತು. ಪ್ರೆಂಟಿಸಮ್ಮ ಕ್ಯಾನ್ಸಸ್ ಸೋತಳು. ನನ್ನಂಥವನಿಗೂ ಗೊತ್ತಿದ್ದ ವಿಷಯ. ದೇಶದಲ್ಲಿ ಏನಾಯಿತು ಅನ್ನುವುದು ಬೇಕಿದ್ದರೆ ಪಂಡಿತರನ್ನು ಕೇಳಿ. ನಮ್ಮ ಮತಗಟ್ಟೆಯ ಬಾಗಿಲಿಗೆ ಅಂಟಿಸಿದ ಫಲಿತಾಂಶದ ಚೀಟಿಯನ್ನು ನಾರ್ಬರ್ಟ್ ಮೂರು ಸಲ ಓದಿ, ಕಿತ್ತುಕೊಂಡು, ನೇರ ವೇಬ್ರಿಡ್ಜಿಗೆ ಬಂದ. ಮಾವನ ಮಗ್ ಎತ್ತಿಕೊಂಡ, ಒಳಗೆ ಅರ್ಧ ಕಾಫಿ ಇತ್ತು, ಚೆಲ್ಲಿಕೊಂಡೇ ಕೆಫೆಗೆ ನಡೆದ. ನಾವು ಹಿಂದೆ ಓಡಿದೆವು.

"ಎಲ್ಲರೂ ಕೇಳಿ!" ಎಂದ ನಾರ್ಬರ್ಟ್. "ಆಗಸ್ಟಿನಿಂದ ಈಚೆಗೆ ಊರಲ್ಲಿ ಒಬ್ಬ ಸತ್ತ, ಒಬ್ಬಳಿಗೆ ಹದಿನೆಂಟು ತುಂಬಿತು. ಲೆಕ್ಕ ಸರಿಹೋಯ್ತು. ತೇವ ಕಳೆದ ಮೇಲೆ ಆಲ್ಬಿನ್ ತೂಕ: ಬಾಯ್ಡ್ ಇನ್ನೂರ ಅರವತ್ತೊಂಬತ್ತು. ಪೆಟ್ಟಿಗೇಲಿ ಬಂದಿದ್ದು ಇನ್ನೂರ ಎಪ್ಪತ್ತು. ಆ ಒಂದು ಯಾರದು?"

"ನಂದು," ಎಂದ ಮಾವ. "ಆವತ್ತು ನಾನು ಕಾಳು ಹಾಕಿರಲಿಲ್ಲ."

"ಪ್ರೆಂಟಿಸ್ ಅರವತ್ತೊಂದು. ಪೆಟ್ಟಿಗೇಲಿ ಅರವತ್ತೆರಡು. ದೇಶದ ಪಂಡಿತರೆಲ್ಲ ಲಕ್ಷಗಟ್ಟಲೆ ತಪ್ಪಿದರು. ನಮ್ಮ ಆಲ್ಬಿನ್ ತಪ್ಪಿದ್ದು ಒಂದೇ ಒಂದು ಕಾಳು. ಒಂದು ಕಾಳಿಗೆ ಮಗ್ ಇಳಿಸೋದು ನ್ಯಾಯ ಅಲ್ಲ!" ಎಂದು ಕುರ್ಚಿ ಹತ್ತಿ ಮಗ್ಗನ್ನು ಮೊಳೆಗೆ ನೇತುಹಾಕಿದ. ಉಳಿದ ಕಾಫಿ ಅವನ ತಲೆಯ ಮೇಲೆ ಬಿತ್ತು. ಒರೆಸಿಕೊಳ್ಳಲಿಲ್ಲ.

"ಆದ್ರೂ ಒಂದು ಕಾಳು ತಪ್ಪಿದೆ," ಎಂದ ಮಾವ ತಗ್ಗಿದ ದನಿಯಲ್ಲಿ. "ಅದ್ಯಾರದು?"

ಮೇಜಿನವರೆಲ್ಲ ಒಬ್ಬರನ್ನೊಬ್ಬರು ನೋಡಿಕೊಂಡರು. ಲಿಯೋ ಎರಡೂ ಕೈ ಎತ್ತಿ, "ನಾನಲ್ಲಪ್ಪ, ಅದು ಬರೀ ಟೀವಿಗೆ!" ಎಂದ. ಆಗ ಅಡುಗೆಕೋಣೆಯ ಬಾಗಿಲಲ್ಲಿ, ಡಾರ್ಲೀನಳಿಗೆಂದು ಮಾಡಿ ತಂದಿದ್ದ ಬೀರಾಕ್ ತಟ್ಟೆ ಹಿಡಿದು ನಿಂತಿದ್ದ ಒಲೀಟಾ ಅತ್ತೆ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ಏನು ಹಾಗೆ ನೋಡ್ತೀರ? ಆವತ್ತು ಟೀ ಹಂಚೋದರಲ್ಲಿ ನನ್ನ ಕಾಳು ಏಪ್ರನ್ ಜೇಬಲ್ಲೇ ಉಳೀತು."

ನಾರ್ಬರ್ಟ್ ಕುರ್ಚಿಯ ಮೇಲೇ ಕಲ್ಲಾದ. ಮಾವ ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದ ಹೆಂಡತಿಯನ್ನು ಹೊಸಬಳ ಹಾಗೆ ನೋಡಿದ. ಮೆಲ್ಲಗೆ ಎದ್ದ. ಬೆನ್ನು ನೆಟ್ಟಗಾಯಿತು. ಮೊಳೆಯಿಂದ ಮಗ್ ತೆಗೆದು ಡಾರ್ಲೀನಳ ಮುಂದೆ ಹಿಡಿದ.

"ಬಗ್ಗಿಸಮ್ಮ," ಎಂದ. "ಒಂದು ಕಾಳೂ ತಪ್ಪಿಲ್ಲ."

ಅಂದು ಮಧ್ಯಾಹ್ನವೇ ಮನೆಗೆ ಹೋಗಿ ಟೀ ಪಾತ್ರೆಯ ನಲ್ಲಿಗೆ ಹೊಸ ವಾಷರ್ ಹಾಕಿದ.